ಕುದುರೆಯಿಲ್ಲದ ಕರಾವಳಿ, ಕುದುರೆ ಕಟ್ಟಿದ ಹುಡುಗರು

ಕುಂದಾಪುರ: ಆಶ್ರಮದ ತೋಟದಲ್ಲಿ ಹುಡುಗನೊಬ್ಬ ಕಾವಲಿದ್ದಾನೆ. ತೋಟವನ್ನು ಅವನಿಗೆ ಒಪ್ಪಿಸಿದ ಮುನಿಗಳು ವರುಣನ ಕರೆಗೆ ಓಗೊಟ್ಟು ಹೋಗಿದ್ದಾರೆ. ಎಲ್ಲಿಂದಲೋ ಬಂದ ಕುದುರೆಯೊಂದು ಒಳನುಗ್ಗಿ ಹಸುರಿಗೆ ಬಾಯಿ ಹಾಕುತ್ತದೆ. ಅದರ ಹಣೆಯಲ್ಲೊಂದು ಪಟ್ಟ, ಪಟ್ಟದ ಮೇಲೆ ಬರೆಹ. ಹುಡುಗ ಹತ್ತಿರ ಹೋಗಿ ಅದನ್ನು ಓದುತ್ತಾನೆ. ಓದಿ ಮುಗಿಯುವಷ್ಟರಲ್ಲಿ ಅವನ ಸಿಟ್ಟು ನೆತ್ತಿಗೇರಿದೆ. ಹೆಗಲ ಮೇಲಿನ ಉತ್ತರೀಯವನ್ನು ತೆಗೆದು ಕುದುರೆಯ ಕೊರಳಿಗೆ ಬಿಗಿದು ಬಾಳೆಗಿಡಕ್ಕೆ ಕಟ್ಟಿಹಾಕುತ್ತಾನೆ. ಜೊತೆಯಲ್ಲಿದ್ದ ಋಷಿಕುಮಾರರು ಹೆದರಿ ತಡೆದರೂ ಕೇಳುವುದಿಲ್ಲ.

ಕನ್ನಡ ಶಾಲೆಯಲ್ಲಿ ಓದಿದವರಿಗೆ ಈ ಹುಡುಗ ಅಪರಿಚಿತನಲ್ಲ. ಲಕ್ಷ್ಮೀಶ ಕವಿಯ ‘ಜೈಮಿನಿ ಭಾರತ’ದ ಲವನೀತ. ‘ವೀರಲವ’ ಎಂಬ ಹೆಸರಿನಲ್ಲಿ ಈ ಭಾಗ ರಾಜ್ಯದ ಹತ್ತನೆಯ ತರಗತಿಯ ಕನ್ನಡ ಪಠ್ಯಪುಸ್ತಕಕ್ಕೂ ಸೇರಿದೆ. ತಲೆಮಾರುಗಳ ಕಾಲ ಕನ್ನಡದ ಮಕ್ಕಳು ಕುದುರೆಯನ್ನು ಮೊದಲು ಎದುರುಗೊಂಡದ್ದು ಬಹುಶಃ ಇಂಥ ಪದ್ಯಗಳಲ್ಲಿಯೇ.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆ ಇಷ್ಟೊಂದು ಬರೆಹಗಾರರನ್ನು ಕೊಟ್ಟದ್ದು ಹೇಗೆ ಎಂಬ ಪ್ರಶ್ನೆ ಸಾಹಿತ್ಯ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಕಡಲು, ಮಳೆ, ಯಕ್ಷಗಾನ ಎಂಬ ಸಿದ್ಧ ಉತ್ತರವೂ ಅಷ್ಟೇ ಬೇಗ ಬರುತ್ತದೆ. ಉತ್ತರ ತಪ್ಪಲ್ಲ, ಆದರೆ ಸಾಲದು. ಕಡಲೂ ಮಳೆಯೂ ಕಾರವಾರದಿಂದ ಕಾಸರಗೋಡಿನವರೆಗೆ ಎಲ್ಲರಿಗೂ ಉಂಟು. ಬರೆಯುವವನ ಎದೆ ರೂಪುಗೊಳ್ಳುವುದು ಬಾಲ್ಯದಲ್ಲಿ; ಆ ಬಾಲ್ಯದಲ್ಲಿ ಅವನಿಗೆ ಹತ್ತಿರವಾದ ಪ್ರಾಣಿ ಯಾವುದು, ಅವನ ಕಿವಿಗೆ ಬಿದ್ದ ಪುಸ್ತಕ ಯಾವುದು ಎಂದು ಕೇಳಿದರೆ ಈ ಮೂರು ತಾಲ್ಲೂಕುಗಳ ಕಥೆ ಬೇರೆಯದೇ ಆಗಿ ಕಾಣುತ್ತದೆ. ಇಲ್ಲಿನ ಮಗುವಿಗೆ ಪುಸ್ತಕ ಕೊಟ್ಟದ್ದು ಕುದುರೆಯನ್ನು, ಹಟ್ಟಿ ಕೊಟ್ಟದ್ದು ಎತ್ತು ಕೋಣಗಳನ್ನು. ಒಂದನ್ನು ಅದು ಎಂದೂ ಮುಟ್ಟಲಿಲ್ಲ. ಇನ್ನೊಂದರ ಬಗ್ಗೆ ಅದು ಬಹುಕಾಲ ಯಾವ ಪುಸ್ತಕದಲ್ಲಿಯೂ ಓದಲಿಲ್ಲ.

ಬಂದರಿಗೆ ಇಳಿದು ಘಟ್ಟ ಹತ್ತಿದ ಕುದುರೆ

ಕುಂದಾಪುರದ ಸುತ್ತಮುತ್ತ ‘ಕುದ್ರು’ಗಳು ಬೇಕಾದಷ್ಟಿವೆ, ಕುದುರೆಗಳಿಲ್ಲ. ಕುದ್ರು ಎಂದರೆ ಹೊಳೆಯ ನಡುವಿನ ನಡುಗಡ್ಡೆ. ಗೊಂಬೆಯಾಟಕ್ಕೆ ಹೆಸರಾದ ಉಪ್ಪಿನಕುದ್ರು ಅಂಥದ್ದೊಂದು. ಹೊಳೆ, ಹಿನ್ನೀರು, ಕೆಸರುಗದ್ದೆಗಳ ಈ ನೆಲದಲ್ಲಿ ಸೇತುವೆಗಳು ಬರುವ ಮೊದಲು ಸಂಚಾರವೆಂದರೆ ದೋಣಿ, ಇಲ್ಲವೇ ಕಾಲ್ನಡಿಗೆ. ಗಂಗೊಳ್ಳಿಯ ಬಳಿ ಪಂಚಗಂಗಾವಳಿಯಾಗಿ ಸೇರುವ ನದಿಗಳನ್ನು ದಾಟಬೇಕಾದವನಿಗೆ ಕುದುರೆಯಿಂದ ಏನು ಪ್ರಯೋಜನ? ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವಲ್ಲಿ ಒಣಹವೆಯ ಆ ಪ್ರಾಣಿಯನ್ನು ಸಾಕುವುದೂ ಸುಲಭದ ಮಾತಲ್ಲ. ಕೆಸರಿಗೆ ಕೋಣ ಒಗ್ಗುತ್ತದೆ, ಕುದುರೆ ಒಗ್ಗುವುದಿಲ್ಲ.

ಆದರೂ ಒಂದು ಕಾಲದಲ್ಲಿ ಕುದುರೆಗಳು ಈ ಕರಾವಳಿಯ ಮೂಲಕವೇ ನಾಡಿಗೆ ಬರುತ್ತಿದ್ದವು. ವಿಜಯನಗರದ ಸೇನೆಗೆ ಬೇಕಾದ ಅರಬ್ಬೀ ಕುದುರೆಗಳು ಹಡಗಿನಲ್ಲಿ ಪಶ್ಚಿಮ ತೀರದ ಬಂದರುಗಳಿಗೆ ಇಳಿಯುತ್ತಿದ್ದವು. ಇಂದಿನ ಬ್ರಹ್ಮಾವರ ತಾಲ್ಲೂಕಿನ ಬಾರಕೂರು ಆಗ ವಿಜಯನಗರದ ಪ್ರಾಂತ್ಯವೊಂದರ ರಾಜಧಾನಿ. ಕುಂದಾಪುರದ ಪಕ್ಕದ ಬಸ್ರೂರು ಹೆಸರಾಂತ ವ್ಯಾಪಾರದ ಪಟ್ಟಣ. 16ನೆಯ ಶತಮಾನದ ಪೋರ್ಚುಗೀಸ್ ಬರೆಹಗಾರ ನೂನಿಜ್, ವಿಜಯನಗರದ ಅರಸನು ವರ್ಷಕ್ಕೆ 13 ಸಾವಿರ ಹರ್ಮುಜ್ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ದಾಖಲಿಸಿದ್ದಾನೆ. ಲೆಕ್ಕದಲ್ಲಿ ಉತ್ಪ್ರೇಕ್ಷೆ ಇರಬಹುದಾದರೂ ವ್ಯವಹಾರ ದೊಡ್ಡದಾಗಿತ್ತೆಂಬುದರಲ್ಲಿ ಸಂಶಯವಿಲ್ಲ. 1510ರಲ್ಲಿ ಗೋವಾ ಪೋರ್ಚುಗೀಸರ ಕೈಸೇರಿದ ಬಳಿಕ ಈ ವ್ಯಾಪಾರದ ಲಗಾಮೂ ಅವರ ಕೈಗೆ ಹೋಯಿತು.

ಹಾಗೆ ಬಂದ ಕುದುರೆ ಇಲ್ಲಿ ನಿಲ್ಲಲಿಲ್ಲ. ದಕ್ಷಿಣ ಭಾರತದ ಹವೆ ಮತ್ತು ಆರೈಕೆಯ ಕೊರತೆಯಿಂದ ಕುದುರೆಗಳು ಬಹುಬೇಗ ಸಾಯುತ್ತವೆಂದು 13ನೆಯ ಶತಮಾನದಲ್ಲಿಯೇ ಮಾರ್ಕೋಪೋಲೋ ಬರೆದಿದ್ದ. ಅವನು ಹೇಳಿದ್ದು ತಮಿಳು ಕರಾವಳಿಯ ಮಾತು. ಇಲ್ಲಿಗೆ ಬಂದವು ಘಟ್ಟ ಹತ್ತಿ ಹೋದವು. ಹಿಂದೆ ಉಳಿದದ್ದು ಮರದ ಕುದುರೆ, ಲೋಹದ ಕುದುರೆ. ದೇವಸ್ಥಾನದ ಉತ್ಸವದ ವಾಹನವಾಗಿ, ದೈವಸ್ಥಾನದ ಮಬ್ಬುಗತ್ತಲಲ್ಲಿ ದೈವದ ಏರುಗುದುರೆಯಾಗಿ. ಹುಲ್ಲು ತಿನ್ನದ, ಸಗಣಿ ಹಾಕದ, ಒದೆಯದ ಕುದುರೆ ಅದು. ಮಗುವಿಗೆ ಅದರ ಮೇಲೆ ಭಕ್ತಿ ಹುಟ್ಟಬಹುದು, ಸಲಿಗೆ ಹುಟ್ಟಲಾರದು.

ಹಣೆಯ ಮೇಲಿನ ಬರೆಹ

ಸಲಿಗೆ ಹುಟ್ಟಿಸಿದ್ದು ಪುಸ್ತಕ. ಲಕ್ಷ್ಮೀಶ ಕಡೂರು ತಾಲ್ಲೂಕಿನ ದೇವನೂರಿನವನು. ಸುಮಾರು 16ನೆಯ ಶತಮಾನದವನೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಅಂದರೆ ಕರಾವಳಿಯ ಬಂದರುಗಳಿಂದ ಕುದುರೆಗಳು ಒಳನಾಡಿಗೆ ಸಾಗುತ್ತಿದ್ದ ಕಾಲಕ್ಕೆ ಹತ್ತಿರದವನು. ವಾರ್ಧಕ ಷಟ್ಪದಿಯ 34 ಸಂಧಿಗಳಲ್ಲಿ ಅವನು ಹೇಳಿದ್ದು ಧರ್ಮರಾಯನ ಅಶ್ವಮೇಧದ ಕಥೆಯನ್ನು. ಕಾವ್ಯದ ನಾಯಕ ಯಾರು ಎಂದು ಪಂಡಿತರು ಚರ್ಚಿಸಬಹುದು. ಕೇಳುತ್ತ ಕುಳಿತ ಮಗುವಿಗೆ ಆ ಸಂಶಯವಿಲ್ಲ: ನಾಯಕ ಕುದುರೆಯೇ. ಅದು ಹೋದಲ್ಲಿಗೆ ಕಥೆ ಹೋಗುತ್ತದೆ, ಅದು ನಿಂತಲ್ಲಿ ಯುದ್ಧವಾಗುತ್ತದೆ.

ಆ ಕುದುರೆಗೆ ಒದಗುವ ಪಾಡುಗಳಾದರೂ ಎಂಥವು! ಒಂದೆಡೆ ಅದರ ಮೈ ಬಂಡೆಗೆ ಅಂಟಿಕೊಳ್ಳುತ್ತದೆ. ಆ ಬಂಡೆ ಗಂಡನ ಶಾಪದಿಂದ ಕಲ್ಲಾದ ಚಂಡಿಯೆಂಬ ಹೆಂಗಸು. ಮುಂದೆ ಒಂದು ಕೊಳಕ್ಕಿಳಿದರೆ ಹೆಣ್ಣುಕುದುರೆಯಾಗುತ್ತದೆ, ಇನ್ನೊಂದಕ್ಕಿಳಿದರೆ ಹುಲಿಯಾಗುತ್ತದೆ. ಹೆಂಗಸರೇ ಆಳುವ ಪ್ರಮೀಳೆಯ ರಾಜ್ಯಕ್ಕೆ ಹೋಗುತ್ತದೆ. ಸುಧನ್ವನ ಊರಿಗೆ, ಬಭ್ರುವಾಹನನ ಮಣಿಪುರಕ್ಕೆ, ಮಯೂರಧ್ವಜನ ನಾಡಿಗೆ, ಚಂದ್ರಹಾಸನ ಕುಂತಳಕ್ಕೆ ಹೋಗುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಕುದುರೆಯನ್ನು ಎದುರಿಸಿ ನಿಲ್ಲುವವರಲ್ಲಿ ಹೆಚ್ಚಿನವರು ಎಳೆಯರು. ಸುಧನ್ವ ತರುಣ. ತಾಮ್ರಧ್ವಜ ರಾಜನ ಮಗ. ಬಭ್ರುವಾಹನ ತಂದೆಯನ್ನೇ ಕಾಣದೆ ಬೆಳೆದವನು. ಲವನಂತೂ ಬಾಲಕ. ಲೋಕವನ್ನು ಗೆದ್ದ ಹಿರಿಯರ ಕುದುರೆಯನ್ನು ಊರಿನ ಹುಡುಗ ಕಟ್ಟಿಹಾಕುತ್ತಾನೆ ಎಂಬುದೇ ಈ ಕಥೆಗಳ ಸೊಗಸು.

ಇನ್ನೂ ಒಂದು ಸೂಕ್ಷ್ಮವಿದೆ. ಕಟ್ಟುವ ಮೊದಲು ಹುಡುಗ ಓದುತ್ತಾನೆ. ಯಜ್ಞದ ಕುದುರೆ ಎಂದರೆ ಊರೂರಿಗೆ ನಡೆದು ಹೋಗುವ ಬರೆಹ. ಹಣೆಯ ಮೇಲಿರುವುದು ಸವಾಲು. ಓದಬಲ್ಲವನಿಗೆ ಮಾತ್ರ ಆ ಸವಾಲು ತಲಪುತ್ತದೆ. ಅಕ್ಷರ ಬಾರದವನಿಗೆ ಅದು ತೋಟಕ್ಕೆ ನುಗ್ಗಿದ ತುಡುಗು ಪ್ರಾಣಿಯಷ್ಟೇ. ಈ ಮಾತಿಗೆ ಮುಂದೆ ಮತ್ತೆ ಬರಬೇಕಾಗುತ್ತದೆ.

ಜೈಮಿನಿ ಭಾರತ ಇಲ್ಲಿ ಕಪಾಟಿನ ಪುಸ್ತಕವಾಗಿರಲಿಲ್ಲ. ಮಳೆಗಾಲದ ಸಂಜೆಗಳಲ್ಲಿ ಓದು ಬಲ್ಲವರು ರಾಗವಾಗಿ ಓದುವುದು, ಉಳಿದವರು ಸುತ್ತ ಕುಳಿತು ಕೇಳುವುದು ಹಳೆಯ ಮನೆಗಳ ಪದ್ಧತಿ. ಮಳೆ ನಿಂತ ಮೇಲೆ ಅದೇ ಕಥೆ ರಂಗಸ್ಥಳಕ್ಕೆ ಬರುತ್ತಿತ್ತು. ಸುಧನ್ವ ಕಾಳಗ, ಬಭ್ರುವಾಹನ ಕಾಳಗ, ತಾಮ್ರಧ್ವಜ ಕಾಳಗ, ಚಂದ್ರಹಾಸ ಚರಿತ್ರೆ, ಲವಕುಶ ಕಾಳಗ: ಬಡಗುತಿಟ್ಟಿನ ಪ್ರೇಕ್ಷಕರಿಗೆ ಇವು ಬಾಯಿಪಾಠವಾದ ಹೆಸರುಗಳು. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮದ ಮೇಳಗಳ ಚೆಂಡೆ ಕೇಳಿ ಬೆಳೆದ ಮಕ್ಕಳು ಗದ್ದೆಯ ಅಂಚಿನಲ್ಲಿ ಚಾಪೆ ಹಾಸಿ ಕುಳಿತು ಯಜ್ಞಾಶ್ವವನ್ನು ಕಂಡರು. ಕಂಡರು ಎನ್ನುವುದಕ್ಕಿಂತ ಕಲ್ಪಿಸಿಕೊಂಡರು ಎನ್ನುವುದು ಸರಿ. ರಂಗದಲ್ಲಿ ನಿಜವಾದ ಕುದುರೆ ಇರುವುದಿಲ್ಲ. ಭಾಗವತರ ಪದ, ವೇಷಧಾರಿಯ ಕುಣಿತ ಮತ್ತು ಮಾತು ಕುದುರೆಯನ್ನು ಹುಟ್ಟಿಸಬೇಕು. ತಾಳಮದ್ದಳೆಯಲ್ಲಿಯಂತೂ ವೇಷವೂ ಇಲ್ಲ, ಕುಣಿತವೂ ಇಲ್ಲ, ಬರೀ ಮಾತು.

ಈ ಮಾತಿನ ಶಾಲೆಗೆ ಮಕ್ಕಳ ತರಗತಿಯೂ ಇತ್ತು. ಅದರ ಹೆಸರು ‘ಹೂವಿನ ಕೋಲು’. ನವರಾತ್ರಿಯ ದಿನಗಳಲ್ಲಿ ಹೂವಿನಿಂದ ಸಿಂಗರಿಸಿದ ಕೋಲು ಹಿಡಿದ ಬಾಲಕರು ಭಾಗವತರ ಜೊತೆ ಮನೆಮನೆಗೆ ಹೋಗಿ, ಚಾವಡಿಯಲ್ಲಿ ಎದುರುಬದುರು ಕುಳಿತು ಪ್ರಸಂಗದ ತುಣುಕೊಂದನ್ನು ಮಾತಿನಲ್ಲಿ ಆಡಿತೋರಿಸುವ ಸಂಪ್ರದಾಯವಿದು. ಎಂಟು ಹತ್ತು ವರ್ಷದ ಹುಡುಗ ಅರ್ಜುನನಾಗಿ ಗದರಿಸುತ್ತಾನೆ, ಇನ್ನೊಬ್ಬ ಮರುಮಾತು ಕೊಡುತ್ತಾನೆ. ಮನೆಯವರು ಅಕ್ಕಿ, ಕಾಯಿ, ಕಾಸು ಕೊಟ್ಟು ಕಳುಹಿಸುತ್ತಾರೆ. ಇಲ್ಲದ ವಸ್ತುವನ್ನು ಇದೆಯೆಂಬಂತೆ ಮಾತಿನಿಂದ ತೋರಿಸುವುದು ಬರೆಹಗಾರನ ಮೊದಲ ಕಸುಬಾದರೆ, ಅದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠಶಾಲೆಯನ್ನು ಕಾಣುವುದು ಕಷ್ಟ. ಪತ್ರಿಕೋದ್ಯಮ ಡಿಪ್ಲೊಮಾದ ತರಗತಿಗಳಲ್ಲಿ ಇದರ ಅರ್ಧದಷ್ಟನ್ನೂ ಕಲಿಸುವುದಿಲ್ಲವೆಂದು ಈ ವರದಿಗಾರ ಸ್ವಂತ ಅನುಭವದಿಂದ ಹೇಳಬಲ್ಲ.

ಡ್ರಿಲ್ ಮಾಸ್ತರರ ಅಶ್ವಮೇಧ

19ನೆಯ ಶತಮಾನದ ಕೊನೆಯಲ್ಲಿ ಕುಂದಾಪುರದ ಶಾಲೆಯಲ್ಲಿ ಕೆಲವು ಕಾಲ ತರುಣ ವ್ಯಾಯಾಮ ಶಿಕ್ಷಕರೊಬ್ಬರಿದ್ದರು. ಮಕ್ಕಳಿಗೆ ಕವಾಯತು ಮಾಡಿಸುವುದು ಅವರ ಉದ್ಯೋಗ. ಕಾರ್ಕಳ ಸೀಮೆಯ ನಂದಳಿಕೆಯವರು, ಹೆಸರು ಲಕ್ಷ್ಮೀನಾರಾಯಣಪ್ಪ. ಕನ್ನಡ ಸಾಹಿತ್ಯ ಅವರನ್ನು ನೆನಪಿಟ್ಟುಕೊಂಡಿರುವುದು ‘ಮುದ್ದಣ’ ಎಂದು.

1870ರಲ್ಲಿ ಹುಟ್ಟಿದ ಮುದ್ದಣ ಬರೆಯತೊಡಗಿದ್ದು ಯಕ್ಷಗಾನ ಪ್ರಸಂಗಗಳ ಮೂಲಕ. ‘ರತ್ನಾವತಿ ಕಲ್ಯಾಣ’ ಮತ್ತು ‘ಕುಮಾರವಿಜಯ’ ಅವರವು. ಕೊನೆಯ ಕೃತಿ ‘ಶ್ರೀರಾಮಾಶ್ವಮೇಧಂ’. ಇಲ್ಲಿಯೂ ಯಜ್ಞದ ಕುದುರೆಯೇ. ಈ ಬಾರಿ ಕುದುರೆ ರಾಮನದು, ಅದರ ಕಾವಲಿಗೆ ಹೊರಟವನು ಶತ್ರುಘ್ನ, ಕೊನೆಗೆ ಕಟ್ಟುವವನು ಅದೇ ಲವ. ಹೊರಗೆ ಮಳೆ ಸುರಿಯುತ್ತಿರುವಾಗ ಹೊತ್ತು ಹೋಗುತ್ತಿಲ್ಲವೆಂದು ಮಡದಿ ಮನೋರಮೆ ಕಥೆ ಕೇಳುತ್ತಾಳೆ, ಗಂಡ ಹೇಳುತ್ತಾನೆ. ಪದ್ಯದ ಬದಲು ಗದ್ಯದಲ್ಲಿ ಹೇಳಬೇಕೆಂಬ ಷರತ್ತು ಅವಳದೇ. ಈ ದಂಪತಿಯ ಸರಸ ಸಂಭಾಷಣೆ ಮೂಲಕಥೆಗಿಂತ ಹೆಚ್ಚು ಪ್ರಸಿದ್ಧವಾಗಿ, ಪಠ್ಯಪುಸ್ತಕಗಳಲ್ಲಿ ಅದೇ ಉಳಿದುಕೊಂಡಿತು. ಕುದುರೆ ಹಿಂದೆ ಸರಿಯಿತು.

ಕರಾವಳಿಯ ಓದುಗರು ಈ ಚೌಕಟ್ಟನ್ನು ಬೇಗ ಗುರುತಿಸುತ್ತಾರೆ. ಮಳೆಗಾಲ, ಹೊರಗೆ ಕಾಲಿಡಲಾಗದ ಸಂಜೆ, ಒಬ್ಬರು ಹೇಳುವುದು, ಒಬ್ಬರು ನಡುನಡುವೆ ಬಾಯಿಹಾಕುವುದು. ಮನೆಮನೆಯ ಜೈಮಿನಿ ವಾಚನದ ದೃಶ್ಯವನ್ನೇ ಮುದ್ದಣ ಕಥೆಯ ಹೊದಿಕೆ ಮಾಡಿದಂತಿದೆ. ಮುದ್ದಣ ತಮ್ಮ ಕೃತಿಗಳನ್ನು ಸ್ವಂತ ಬರೆಹವೆಂದು ಹೇಳಿಕೊಳ್ಳದೆ, ಹಳೆಯ ಕಾಲದ ಕೃತಿಗಳೆಂಬಂತೆ ಮೈಸೂರಿನ ‘ಕಾವ್ಯಮಂಜರಿ’ಗೆ ಕಳುಹಿಸುತ್ತಿದ್ದರು. ಬಡ ಶಾಲಾ ಮಾಸ್ತರನ ಹೆಸರಿಗೆ ಯಾರು ಬೆಲೆ ಕೊಟ್ಟಾರು ಎಂಬ ಅಳುಕೋ, ಹಳೆಯದಕ್ಕೆ ಮಾತ್ರ ಮರ್ಯಾದೆ ಕೊಡುವ ಕಾಲದ ಬಗ್ಗೆ ಅಣಕವೋ, ಎರಡೂ ಇರಬಹುದು. ಕ್ಷಯರೋಗ ಅವರನ್ನು 1901ರಲ್ಲಿ ಕೊಂಡೊಯ್ದಾಗ ವಯಸ್ಸು ಕೇವಲ 31.

ಇದೇ ಸುಮಾರಿಗೆ ಇಂಗ್ಲೆಂಡಿನಲ್ಲಿ ಇನ್ನೊಂದು ಕುದುರೆಯ ಪುಸ್ತಕ ಮನೆಮಾತಾಗಿತ್ತು. ಆನಾ ಸ್ಯುವೆಲ್ ಬರೆದ ‘ಬ್ಲ್ಯಾಕ್ ಬ್ಯೂಟಿ’ 1877ರಲ್ಲಿ ಪ್ರಕಟವಾಯಿತು. ಆಕೆಯೂ ದೀರ್ಘಕಾಲ ಕಾಯಿಲೆ ಅನುಭವಿಸಿದವಳು, ಬರೆದದ್ದು ಅದೊಂದೇ ಪುಸ್ತಕ, ಮರುವರ್ಷವೇ ತೀರಿಕೊಂಡಳು. ಅಲ್ಲಿ ಕಥೆ ಹೇಳುವುದು ಸ್ವತಃ ಕುದುರೆ. ಗಾಡಿ ಎಳೆಯುವ ಕುದುರೆಯ ತಲೆ ಬಗ್ಗದಂತೆ ಲಗಾಮು ಬಿಗಿಯುವ ಶ್ರೀಮಂತರ ಕ್ರೂರ ಶೋಕಿಯ ವಿರುದ್ಧ ಜನಾಭಿಪ್ರಾಯ ಬೆಳೆಯಲು ಆ ಪುಸ್ತಕ ಕಾರಣವಾಯಿತು. ಲಂಡನ್ನಿನ ಮಗು ಪುಸ್ತಕ ಮುಚ್ಚಿ ಬೀದಿಗೆ ಬಂದರೆ ಅದೇ ಕುದುರೆ ಎದುರಿಗಿತ್ತು. ಕುಂದಾಪುರದ ಮಗು ಪುಸ್ತಕ ಮುಚ್ಚಿ ಅಂಗಳಕ್ಕೆ ಬಂದರೆ ಎದುರಿಗಿದ್ದದ್ದು ಎತ್ತು. ಅದರ ಹಣೆಯಲ್ಲಿ ಯಾವ ಬರೆಹವೂ ಇರಲಿಲ್ಲ.

ಹಟ್ಟಿಯ ಎತ್ತು

ಆ ಎತ್ತನ್ನು ಪುಸ್ತಕಕ್ಕೆ ತಂದವರು ಕೋಟದ ಶಿವರಾಮ ಕಾರಂತರು. 1902ರ ಅಕ್ಟೋಬರ್ 10ರಂದು ಹುಟ್ಟಿ, ಕುಂದಾಪುರ ಮತ್ತು ಮಂಗಳೂರುಗಳಲ್ಲಿ ಓದಿ, ಅಸಹಕಾರ ಚಳವಳಿಯ ಕರೆಗೆ ಕಾಲೇಜು ಬಿಟ್ಟವರು. ಯಕ್ಷಗಾನದ ಕುದುರೆಯನ್ನು ಅವರಷ್ಟು ಬಲ್ಲವರು ಕಡಿಮೆ. ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಆದರೆ ಕಾದಂಬರಿ ಬರೆಯಲು ಕುಳಿತಾಗ ಅವರಿಗೆ ಬೇಕಾದದ್ದು ಯಜ್ಞದ ಕುದುರೆಯಲ್ಲ.

1933ರ ‘ಚೋಮನ ದುಡಿ’ಯ ಚೋಮನ ಹತ್ತಿರ ಒಂದು ಜೊತೆ ಎತ್ತುಗಳಿವೆ. ಅವನೇ ಸಾಕಿ ಬೆಳೆಸಿದವು. ಉಳಲು ನೆಲ ಮಾತ್ರ ಇಲ್ಲ. ಹುಟ್ಟಿದ ಜಾತಿಯ ಕಾರಣಕ್ಕೆ ಅವನಿಗೆ ಗೇಣಿಗೂ ನೆಲ ಸಿಗುವುದಿಲ್ಲ. ಸ್ವಂತ ಬೇಸಾಯದ ಆಸೆಯೊಂದನ್ನು ಹಿಡಿದು ಆತ ಮಕ್ಕಳನ್ನು ಒಬ್ಬೊಬ್ಬರಾಗಿ ಕಳೆದುಕೊಳ್ಳುತ್ತಾನೆ. ಕೊನೆಗೆ ಆ ಎತ್ತುಗಳನ್ನು ಕಾಡಿಗೆ ಅಟ್ಟಿ, ದುಡಿ ಬಾರಿಸುತ್ತ ಸಾಯುತ್ತಾನೆ. 1975ರಲ್ಲಿ ಬಿ.ವಿ. ಕಾರಂತರು ಇದನ್ನು ಚಲನಚಿತ್ರವಾಗಿಸಿ ಸ್ವರ್ಣಕಮಲ ಪಡೆದರು, ಚೋಮನಾದ ಎಂ.ವಿ. ವಾಸುದೇವರಾವ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ದೊರೆಯಿತು.

ಲವನ ಕಥೆಯ ಪಕ್ಕದಲ್ಲಿ ಚೋಮನ ಕಥೆಯನ್ನಿಟ್ಟು ನೋಡಬೇಕು. ಅಲ್ಲಿ ಹುಡುಗ ಪ್ರಾಣಿಯನ್ನು ಕಟ್ಟಿ ಲೋಕಕ್ಕೆ ಸವಾಲೆಸೆಯುತ್ತಾನೆ. ಇಲ್ಲಿ ಮುದುಕ ಪ್ರಾಣಿ ಬಿಚ್ಚಿ ಲೋಕಕ್ಕೆ ಬೆನ್ನು ಹಾಕುತ್ತಾನೆ. ಲವನಿಗೆ ಹಣೆಬರೆಹ ಓದಲು ಬರುತ್ತಿತ್ತು. ಚೋಮನ ಹಣೆಯ ಮೇಲೆ ಬರೆದದ್ದನ್ನು ಊರಿನವರೆಲ್ಲ ಓದಿದ್ದರು. ಚಾವಡಿಯಲ್ಲಿ ಜೈಮಿನಿ ಓದುವಾಗ ಚೋಮನಂಥವರಿಗೆ ಆ ಚಾವಡಿಯ ಮೆಟ್ಟಿಲೇರುವ ಅವಕಾಶವಿರಲಿಲ್ಲ ಎಂಬುದನ್ನು ಮರೆತು ಬಾಲ್ಯದ ಓದಿನ ಸವಿನೆನಪುಗಳನ್ನು ಹಾಡಿಹೊಗಳಿದರೆ ಅದು ಅರ್ಧಸತ್ಯವಾಗುತ್ತದೆ. ಬಯಲಾಟವನ್ನಾದರೂ ದೂರ ನಿಂತು ನೋಡಬಹುದಿತ್ತು. ಪುಸ್ತಕ ಹಾಗಲ್ಲ.

ಕಾರಂತರು ಈ ಕೊರತೆಯನ್ನು ಕಂಡವರೆಂಬುದಕ್ಕೆ ಅವರು ಮಕ್ಕಳಿಗಾಗಿ ಮಾಡಿದ ಕೆಲಸವೇ ಸಾಕ್ಷಿ. 1936ರ ಸುಮಾರಿಗೆ ಅವರು ‘ಬಾಲಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ಹೊರತಂದರು. ಇಂಗ್ಲಿಷ್ ಮಕ್ಕಳಿಗೆ ವಿಶ್ವಕೋಶಗಳಿದ್ದವು, ಕನ್ನಡದ ಮಕ್ಕಳಿಗೆ ಇರಲಿಲ್ಲ. ಪುರಾಣದ ಪ್ರಾಣಿಯನ್ನು ಮಾತ್ರ ಬಲ್ಲ ಮಗುವಿಗೆ ಹುಳ, ಹಕ್ಕಿ, ಮೃಗ, ಕಡಲು, ನಕ್ಷತ್ರಗಳ ನಿಜವಾದ ಕಥೆಯನ್ನು ಚಿತ್ರಸಹಿತ ಹೇಳಲು ಒಬ್ಬ ವ್ಯಕ್ತಿ ಒಂಟಿಯಾಗಿ ಕುಳಿತದ್ದು, ಅದೂ ಮೂವತ್ತರ ಹರೆಯದಲ್ಲಿ, ಸಣ್ಣ ಸಾಹಸವಲ್ಲ. ಮುಂದೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವೂ ಬಂದಿತು. ಜ್ಞಾನಪೀಠ ತಂದುಕೊಟ್ಟ ‘ಮೂಕಜ್ಜಿಯ ಕನಸುಗಳು’ ಬಗ್ಗೆ ನಡೆಯುವ ವಿಚಾರಸಂಕಿರಣಗಳ ಹತ್ತರಲ್ಲೊಂದು ಪಾಲು ಬಾಲಪ್ರಪಂಚದ ಬಗ್ಗೆ ನಡೆದಿದ್ದರೆ ಚೆನ್ನಾಗಿತ್ತು.

ಬೈಂದೂರು ತಾಲ್ಲೂಕಿನ ಮೊಗೇರಿಯಲ್ಲಿ 1918ರಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗರ ದಾರಿ ಬೇರೆ. ಕನ್ನಡ ಕಾವ್ಯವನ್ನು ನವ್ಯದ ಕಡೆಗೆ ತಿರುಗಿಸಿದ ಸಂಕಲನಕ್ಕೆ ಅವರು 1954ರಲ್ಲಿ ಇಟ್ಟ ಹೆಸರು ‘ಚಂಡೆಮದ್ದಳೆ’. ನಗರದಲ್ಲಿ ಕುಳಿತು, ಇಂಗ್ಲಿಷ್ ಕಾವ್ಯ ಓದಿ, ಹಳೆಯ ಛಂದಸ್ಸನ್ನು ಮುರಿಯಲು ಹೊರಟ ಕವಿಗೆ ಹೆಸರು ಬೇಕಾದಾಗ ಒದಗಿದ್ದು ಊರಿನ ರಂಗಸ್ಥಳದ ಸದ್ದು. ಮುಂದೆ ಅವರ ಪ್ರಸಿದ್ಧ ಕವಿತೆಯೊಂದಕ್ಕೆ ಹೆಸರಾದದ್ದು ‘ಕೂಪಮಂಡೂಕ’, ಬಾವಿಯ ಕಪ್ಪೆ. ಕುದುರೆಯ ಕನಸಿನ ಮಗುವಿಗೆ ಕೊನೆಗೆ ತನ್ನ ಮನೆಯ ಬಾವಿಕಟ್ಟೆಯ ಪ್ರಾಣಿಯೇ ಮಾತಿಗೆ ಸಿಕ್ಕಿತು ಎನ್ನಬಹುದೇನೋ. ಘಟ್ಟದ ಮೇಲೆಯೂ ಹೀಗೆಯೇ: ‘ಮಲೆಗಳಲ್ಲಿ ಮದುಮಗಳು’ ಓದಿದವರು ಗುತ್ತಿಯ ನಾಯಿ ಹುಲಿಯನನ್ನು ಮರೆಯುವುದಿಲ್ಲ, ತೇಜಸ್ವಿಯವರ ‘ಪರಿಸರದ ಕಥೆ’ ಓದಿದವರು ಕಿವಿಯನ್ನು ಮರೆಯುವುದಿಲ್ಲ.

ವೈದೇಹಿ ಎಂಬ ಹೆಸರು

ಇಲ್ಲಿಯವರೆಗೆ ಹೇಳಿದ್ದೆಲ್ಲ ಗಂಡುಮಕ್ಕಳ ಕಥೆ. ಹೂವಿನ ಕೋಲು ಹಿಡಿದು ಹೋಗುತ್ತಿದ್ದವರು ಹುಡುಗರು, ಮೇಳಗಳಲ್ಲಿ ಕುಣಿಯುತ್ತಿದ್ದವರು ಗಂಡಸರು, ಕುದುರೆ ಕಟ್ಟಿದವನು ಲವ. ಕಥೆ ಕೇಳುವ ಹೆಣ್ಣುಮಗಳಿಗೆ ಇದರಲ್ಲಿ ಏನಿತ್ತು?

ಇದ್ದದ್ದು ಹಿತ್ತಿಲು, ಅಡುಗೆಮನೆ, ಮತ್ತು ಅಲ್ಲಿನ ಮಾತು. ಕುಂದಾಪುರದ ವಕೀಲರ ಮನೆಯೊಂದರಲ್ಲಿ, ತುಂಬಿದ ಸಂಸಾರದಲ್ಲಿ 1945ರಲ್ಲಿ ಹುಟ್ಟಿದ ಹುಡುಗಿ ಆ ಮಾತನ್ನೇ ಕಥೆಯಾಗಿಸಿದರು. ಮದುವೆಯ ನಂತರ ಅವರ ಹೆಸರು ಜಾನಕಿ. ‘ಸುಧಾ’ ವಾರಪತ್ರಿಕೆಗೆ ಕಥೆಯೊಂದನ್ನು ಕಳುಹಿಸಿ, ಅದು ನಿಜಜೀವನಕ್ಕೆ ತೀರ ಹತ್ತಿರವಾಯಿತೆಂಬ ಅಳುಕಿನಿಂದ ಪ್ರಕಟಿಸಬೇಡಿರೆಂದು ಕೇಳಿಕೊಂಡಾಗ, ಸಂಪಾದಕರು ಲೇಖಕಿಯ ಹೆಸರು ಬದಲಿಸಿ ‘ವೈದೇಹಿ’ ಎಂದು ಅಚ್ಚು ಹಾಕಿದರು. ಜಾನಕಿಯೂ ಸೀತೆಯ ಹೆಸರೇ, ವೈದೇಹಿಯೂ ಸೀತೆಯ ಹೆಸರೇ. ಕುದುರೆ ಕಟ್ಟಿದ ಹುಡುಗನ ತಾಯಿಯ ಹೆಸರಿನಲ್ಲಿ ಕುಂದಾಪುರ ಕನ್ನಡದ ಹೆಂಗಸರ ಲೋಕ ಅಚ್ಚಾಯಿತು. ಲಕ್ಷ್ಮೀಶನ ಕಾವ್ಯದಲ್ಲಿ ಮಗ ವೀರನಾಗುತ್ತಿದ್ದ ಹೊತ್ತಿಗೆ ಆಶ್ರಮದ ಒಳಗಿದ್ದ ತಾಯಿಗೆ ಏನನ್ನಿಸಿತು ಎಂಬುದನ್ನು ಕೇಳುವ ಕಿವಿ ಬರಲು ಇಷ್ಟು ಕಾಲ ಹಿಡಿಯಿತು. ‘ಕ್ರೌಂಚ ಪಕ್ಷಿಗಳು’ ಸಂಕಲನಕ್ಕೆ 2009ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೆಸರಿನಲ್ಲಿರುವ ಹಕ್ಕಿ ರಾಮಾಯಣದ ಹುಟ್ಟಿಗೇ ಕಾರಣವಾದ ಹಕ್ಕಿ. ವೈದೇಹಿಯವರು ಮಕ್ಕಳಿಗಾಗಿ ಬರೆದ ನಾಟಕಗಳಲ್ಲಿ ಒಂದರ ಹೆಸರು ‘ನಾಯಿಮರಿ ನಾಟಕ’. ರಾಜರ ಕುದುರೆಯಿಂದ ಬೀದಿಯ ನಾಯಿಮರಿಗೆ ಬರುವುದು ಇಳಿಕೆಯಲ್ಲ ಎಂದು ನಾಟಕವಾಡಿದ ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹಟ್ಟಿಯೂ ಖಾಲಿ

2018ರಲ್ಲಿ ಬೈಂದೂರು ಮತ್ತು ಬ್ರಹ್ಮಾವರ ಪ್ರತ್ಯೇಕ ತಾಲ್ಲೂಕುಗಳಾದವು. ಹೊತ್ತು ಮುಳುಗುವ ಮುನ್ನ ಈ ಮೂರು ತಾಲ್ಲೂಕುಗಳ ಗದ್ದೆಬಯಲುಗಳಲ್ಲಿ ಅಡ್ಡಾಡಿದವರಿಗೆ ಕಣ್ಣಿಗೆ ಬೀಳುವುದು ಟಿಲ್ಲರು, ಕಟಾವಿನ ಯಂತ್ರ, ಮತ್ತು ಹಡಿಲು ಬಿದ್ದ ಗದ್ದೆ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಕುದುರೆಗಳ ಸಂಖ್ಯೆ ಸುಮಾರು 3.4 ಲಕ್ಷಕ್ಕೆ ಇಳಿದಿದೆ. ಹಿಂದಿನ ಗಣತಿಗೆ ಹೋಲಿಸಿದರೆ ಶೇ 45ಕ್ಕೂ ಹೆಚ್ಚು ಕುಸಿತ. ಕರಾವಳಿಗೆ ಆ ಲೆಕ್ಕ ತಟ್ಟುವುದಿಲ್ಲ. ಇಲ್ಲಿ ಕಾಣೆಯಾಗುತ್ತಿರುವುದು ಉಳುವ ಎತ್ತು. ಕೋಣಗಳನ್ನು ಕಂಬಳ ಉಳಿಸಿದೆ. 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಅದಕ್ಕೂ ಕುತ್ತು ಬಂದಿತ್ತು. ರಾಜ್ಯ ತಂದ ತಿದ್ದುಪಡಿ ಕಾನೂನನ್ನು 2023ರ ಮೇ 18ರಂದು ಸಂವಿಧಾನ ಪೀಠ ಎತ್ತಿಹಿಡಿದ ಮೇಲೆ ಆ ಆತಂಕ ಕಳೆದಿದೆ. ವಂಡಾರಿನ ಕಂಬಳಗದ್ದೆಯ ಸುತ್ತ ಸೇರುವ ಮಕ್ಕಳಿಗೆ ಕೋಣ ಇಂದು ವರ್ಷಕ್ಕೊಮ್ಮೆ ಕಾಣುವ ಅತಿಥಿ. ಅವರ ಅಜ್ಜನಿಗೆ ಅದು ಮನೆಯ ಸದಸ್ಯನಾಗಿತ್ತು.

ಪುಸ್ತಕದ ಕಡೆಯ ಲೆಕ್ಕವೂ ಹೆಚ್ಚು ಉತ್ಸಾಹ ತರುವಂಥದ್ದಲ್ಲ. ಇಂದು ಐವತ್ತು ದಾಟಿದ ನಗರವಾಸಿ ಓದುಗರಲ್ಲಿ ಅನೇಕರು ಕುದುರೆಯನ್ನು ಮೊದಲು ಕಂಡದ್ದು ‘ಚಂದಮಾಮ’ದ ಪುಟಗಳಲ್ಲಿ. 1949ರಲ್ಲಿ ಕನ್ನಡದಲ್ಲಿ ಆರಂಭವಾದ ಆ ಮಾಸಪತ್ರಿಕೆಗೆ ಎಂ.ಟಿ.ವಿ. ಆಚಾರ್ಯ ಬರೆದ ಮಹಾಭಾರತದ ಮುಖಪುಟಗಳನ್ನು ನೆನೆಸಿ ಈಗಲೂ ಕಣ್ಣರಳಿಸುವವರಿದ್ದಾರೆ. ಅದು ನಿಂತು ಹತ್ತು ವರ್ಷ ಕಳೆಯಿತು. ಇತ್ತ ಸರ್ಕಾರ 2020ರಲ್ಲಿ ಗ್ರಾಮ ಪಂಚಾಯತ್ ಗ್ರಂಥಾಲಯಗಳ ಮೂಲಕ ಮಕ್ಕಳಿಗೆ ‘ಓದುವ ಬೆಳಕು’ ಕಾರ್ಯಕ್ರಮ ಆರಂಭಿಸಿತು. ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾದವು. ಚಾವಡಿಯ ಮೆಟ್ಟಿಲು ಏರಲಾಗದವರ ಮೊಮ್ಮಕ್ಕಳಿಗೆ ಈ ಬಾಗಿಲಿನಲ್ಲಿ ತಡೆಯಿಲ್ಲ. ಜೈಮಿನಿ ವಾಚನದ ಸಂಜೆಗಳ ಬಗ್ಗೆ ಹಳಹಳಿಸುವವರು ಈ ಒಂದು ವ್ಯತ್ಯಾಸವನ್ನು ಗಮನಿಸಬೇಕು.

ಪ್ರಶ್ನೆಪತ್ರಿಕೆಯಲ್ಲಿ ‘ವೀರಲವ’ದ ಮೇಲೆ ಪ್ರಶ್ನೆ ಬಂದರೆ ಲವನು ಕುದುರೆಯನ್ನು ಯಾವುದಕ್ಕೆ ಕಟ್ಟಿದನೆಂದು ಕೇಳುತ್ತಾರೆ. ಬಾಳೆಗಿಡಕ್ಕೆ ಎಂದು ಬರೆದರೆ ಅಂಕ ಸಿಗುತ್ತದೆ. ಬಾಳೆತೋಟಗಳ ನಡುವೆ ಬೆಳೆದ ಕೋಟದ ಅಥವಾ ನಾಗೂರಿನ ಹುಡುಗಿಯೊಬ್ಬಳಿಗೆ, ಒಂದು ಗಾಳಿಮಳೆಗೇ ಬುಡಮೇಲಾಗುವ ಬಾಳೆ ದಿಗ್ವಿಜಯಕ್ಕೆ ಹೊರಟ ಕುದುರೆಯನ್ನು ಹಿಡಿದು ನಿಲ್ಲಿಸಿದ್ದು ಹೇಗೆ ಎಂಬ ಸಂಶಯ ಬಂದರೂ ಬರಬಹುದು. ಅದಕ್ಕೆ ಅಂಕವಿಲ್ಲ. ಕುದುರೆ ಜಗ್ಗಲಿಲ್ಲವೇ, ಜಗ್ಗಲು ಅದಕ್ಕೆ ಮನಸ್ಸಿರಲಿಲ್ಲವೇ, ಆ ಹುಡುಗನ ಕಣ್ಣಲ್ಲಿ ಅದು ಏನು ಕಂಡಿತು ಎಂದು ಅವಳು ಮನೆಗೆ ಹೋಗುವ ಬಸ್ಸಿನಲ್ಲಿ ಯೋಚಿಸಬೇಕು.